ನಕ್ಷತ್ರ ಸಮರಗಳ ಚಿತ್ರಕಾರ ಜಾಕ್ ಕರ್ಬಿ

1981ರಲ್ಲಿ ಅಮೆರಿಕದ ಕಾಮಿಕ್ಸ್ ಅಂಗಡಿಗಳಿಗೆ 'ಕ್ಯಾಪ್ಟನ್ ವಿಕ್ಟರಿ ಅಂಡ್ ದಿ ಗ್ಯಾಲಕ್ಟಿಕ್ ರೇಂಜರ್ಸ್' ಎಂಬ ಹೊಸ ಮಾಲಿಕೆಯ ಮೊದಲ ಸಂಚಿಕೆ ಬಂದಿತು. ಕೀಟರೂಪಿ ಶತ್ರುಗಳನ್ನು ಬೆನ್ನಟ್ಟುವ ದೈತ್ಯ ಯುದ್ಧನೌಕೆ, ಮಡಿದರೂ ತದ್ರೂಪಿ ದೇಹದಲ್ಲಿ ಮತ್ತೆ ಎದ್ದುಬರುವ ಸೇನಾನಿ, ಪುಟಗಳನ್ನು ಸೀಳಿಕೊಂಡು ಹೊರಬರುವಂಥ ಅಂತರಿಕ್ಷ ಸ್ಫೋಟಗಳು. ಕಥೆ ಅಷ್ಟೇನೂ ಜಟಿಲವಲ್ಲ. ಆದರೆ ಈ ಪಾತ್ರಗಳ ಒಡೆತನ ಅವುಗಳನ್ನು ಬರೆದವನ ಬಳಿಯೇ ಉಳಿದಿತ್ತು. ಅರವತ್ತು ದಾಟಿದ್ದ ಜಾಕ್ ಕರ್ಬಿಯ ಪಾಲಿಗೆ ಅದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಕರ್ಬಿ ಜನಿಸಿದ್ದು 1917ರ ಆಗಸ್ಟ್ 28ರಂದು, ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ಬಡವರ ಕೇರಿಯಲ್ಲಿ. ಹುಟ್ಟುಹೆಸರು ಜೇಕಬ್ ಕರ್ಟ್ಸ್‌ಬರ್ಗ್. ಆಸ್ಟ್ರಿಯಾದಿಂದ ವಲಸೆ ಬಂದ ಯಹೂದಿ ಕುಟುಂಬ. ತಂದೆ ಸಿದ್ಧ ಉಡುಪಿನ ಕಾರ್ಖಾನೆಯ ಕೆಲಸಗಾರ. ಚಿತ್ರಕಲೆಯನ್ನು ಹೆಚ್ಚಾಗಿ ತಾನೇ ಕಲಿತ ಹುಡುಗ ಜೋ ಸೈಮನ್ ಜೊತೆಗೂಡಿ 'ಕ್ಯಾಪ್ಟನ್ ಅಮೆರಿಕ'ವನ್ನು ಸೃಷ್ಟಿಸಿದ. 1941ರ ಮಾರ್ಚ್ ಎಂದು ನಮೂದಾದ ಮೊದಲ ಸಂಚಿಕೆಯ ಮುಖಪುಟದಲ್ಲಿ ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ.

ನಂತರ ಚಿತ್ರಕಾರನೇ ಯುದ್ಧಕ್ಕೆ ಹೋಗಬೇಕಾಯಿತು. 1943ರಲ್ಲಿ ಸೇನೆ ಸೇರಿದ ಕರ್ಬಿ ಮರುವರ್ಷದ ಆಗಸ್ಟ್‌ನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಬಂದಿಳಿದ. ಚಿತ್ರ ಬರೆಯಬಲ್ಲನೆಂದು ತಿಳಿದ ಮೇಲಧಿಕಾರಿ ಆತನನ್ನು ಶತ್ರು ನೆಲೆಗಳ ನಕ್ಷೆ ತಯಾರಿಸಲು ಮುಂಚೂಣಿಗೆ ಅಟ್ಟಿದ. ಕಲೆಗೆ ಸಿಕ್ಕ ಇಂಥ ಮನ್ನಣೆ ಯಾರಿಗೂ ಬೇಡ. ಆ ಚಳಿಗಾಲದಲ್ಲಿ ಹಿಮಕ್ಕೆ ಮರಗಟ್ಟಿದ ಕಾಲುಗಳನ್ನು ಕತ್ತರಿಸಬೇಕಾದ ಸ್ಥಿತಿ ಬಂದು, ಹೇಗೋ ಉಳಿದುಕೊಂಡವು. ಕರ್ಬಿ ಮುಂದೆ ಬರೆದ ಅಂತರಿಕ್ಷ ಕದನಗಳಲ್ಲಿ ಪೆಟ್ಟಿಗೆ ಒಂದು ತೂಕವಿದೆ, ಬೀಳುವ ದೇಹಕ್ಕೆ ನೋವಿದೆ. ಯುದ್ಧವನ್ನು ಹತ್ತಿರದಿಂದ ಕಂಡವನ ಕೈ ಅದು ಎನ್ನದೆ ವಿಧಿಯಿಲ್ಲ.

1961ರಿಂದ ಮಾರ್ವೆಲ್ ಸಂಸ್ಥೆಯಲ್ಲಿ ಸ್ಟ್ಯಾನ್ ಲೀ ಜೊತೆ ಆರಂಭವಾದ ದಶಕ ಎಲ್ಲರಿಗೂ ಗೊತ್ತಿರುವಂಥದ್ದು: ಫೆಂಟಾಸ್ಟಿಕ್ ಫೋರ್, ಹಲ್ಕ್, ಥಾರ್, ಎಕ್ಸ್-ಮೆನ್. ಅಲ್ಲಿನ ಕಾರ್ಯವಿಧಾನ ವಿಶಿಷ್ಟವಾಗಿತ್ತು. ಕಥೆಯ ಎಳೆಯೊಂದನ್ನು ಮಾತನಾಡಿಕೊಂಡ ಬಳಿಕ ಕರ್ಬಿ ಮನೆಯಲ್ಲಿ ಕುಳಿತು ಪೂರ್ತಿ ಸಂಚಿಕೆಯನ್ನು ಚಿತ್ರಿಸುತ್ತಿದ್ದ. ಸಂಭಾಷಣೆಯನ್ನು ಲೀ ಆಮೇಲೆ ತುಂಬುತ್ತಿದ್ದ. ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್ ಭೂಮಿಗೆ ಬರುವ 1966ರ ಮೂರು ಸಂಚಿಕೆಗಳ ಕಥೆ ಹೀಗೆಯೇ ರೂಪುಗೊಂಡಿತು. ಬಂದ ಪುಟಗಳಲ್ಲಿ ಮಾತುಕತೆಯಲ್ಲಿ ಇಲ್ಲದ ಒಬ್ಬ ಬೆಳ್ಳಿಮೈಯ ದೂತ ಅಲೆಹಲಗೆಯ ಮೇಲೆ ಬಾಹ್ಯಾಕಾಶದಲ್ಲಿ ತೇಲುತ್ತಿದ್ದ. ಅಂಥ ಮಹಾಶಕ್ತಿಗೆ ಮುನ್ಸೂಚಕನೊಬ್ಬ ಬೇಡವೇ ಎಂಬುದು ಕರ್ಬಿಯ ತರ್ಕ. ಸಿಲ್ವರ್ ಸರ್ಫರ್ ಹುಟ್ಟಿದ್ದು ಹಾಗೆ. ಬ್ರಹ್ಮಾಂಡದ ಶಕ್ತಿಯನ್ನು ಕಪ್ಪು ಚುಕ್ಕೆಗಳ ಗೊಂಚಲಿನಿಂದ ತೋರಿಸುವ ಆತನ ಉಪಾಯಕ್ಕೆ ಅಭಿಮಾನಿಗಳು 'ಕರ್ಬಿ ಕ್ರ್ಯಾಕಲ್' ಎಂದೇ ಹೆಸರಿಟ್ಟರು. ಅಗ್ಗದ ಕಾಗದದ ಮೇಲೆ ಆ ಚುಕ್ಕೆಗಳು ನಿಜಕ್ಕೂ ಸಿಡಿಯುತ್ತವೆ.

ಸಂಬಳ ಮಾತ್ರ ಪುಟಕ್ಕಿಷ್ಟು ಎಂಬ ಲೆಕ್ಕದಲ್ಲಿತ್ತು. ಪಾತ್ರಗಳ ಮೇಲೆ ಹಕ್ಕಿಲ್ಲ, ಲಾಭದಲ್ಲಿ ಪಾಲಿಲ್ಲ. ಬೇಸತ್ತು 1970ರಲ್ಲಿ ಪ್ರತಿಸ್ಪರ್ಧಿ ಡಿಸಿ ಸಂಸ್ಥೆಗೆ ಹೋದ ಕರ್ಬಿ 'ನ್ಯೂ ಗಾಡ್ಸ್' ಮೊದಲಾದ ಮಾಲಿಕೆಗಳನ್ನು ಕಟ್ಟಿದ. ಹಳೆಯ ದೇವತೆಗಳು ಅಳಿದ ಮೇಲೆ ಉಳಿದ ಎರಡು ಲೋಕಗಳ ಕದನ ಅದು. ಯುದ್ಧವಿರಾಮಕ್ಕಾಗಿ ಇಬ್ಬರು ಒಡೆಯರು ತಮ್ಮ ಮಕ್ಕಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಈ ಮಹಾಕಥೆ 1972ರಲ್ಲಿ ಅರ್ಧಕ್ಕೇ ನಿಂತಿತು. ಅದರ ಖಳ ಡಾರ್ಕ್‌ಸೈಡ್ ಇಂದಿಗೂ ಡಿಸಿಯ ಪ್ರಮುಖ ಖಳರಲ್ಲೊಬ್ಬ.

ಭಾರತಕ್ಕೂ ಕರ್ಬಿಗೂ ಒಂದು ವಿಚಿತ್ರ ನಂಟಿದೆ. ಹಿಂದೂ ದೇವತೆಗಳ ರೂಪ ತಾಳಿ ದೂರದ ಗ್ರಹವನ್ನು ಆಳುವವರ ಕಥೆಯುಳ್ಳ ರೋಜರ್ ಝೆಲಾಜ್ನಿಯ ಕಾದಂಬರಿ 'ಲಾರ್ಡ್ ಆಫ್ ಲೈಟ್'ನ ಚಲನಚಿತ್ರಕ್ಕಾಗಿ ಆತ ವಿನ್ಯಾಸಗಳನ್ನು ಬರೆದಿದ್ದ. ಚಿತ್ರ ತಯಾರಾಗಲಿಲ್ಲ. ಆ ಯೋಜನೆಯ ಚಿತ್ರಕಥೆಯನ್ನೂ ರೇಖಾಚಿತ್ರಗಳನ್ನೂ ಸಿಐಎ 'ಆರ್ಗೊ' ಎಂದು ಹೆಸರು ಬದಲಿಸಿ, 1980ರ ಜನವರಿಯಲ್ಲಿ ಟೆಹರಾನ್‌ನಿಂದ ಆರು ಅಮೆರಿಕನ್ ರಾಜತಾಂತ್ರಿಕರನ್ನು ಸಿನಿಮಾ ತಂಡದ ವೇಷದಲ್ಲಿ ಪಾರುಮಾಡಲು ಬಳಸಿಕೊಂಡಿತು. ಈ ರಹಸ್ಯ ಬಯಲಾದದ್ದು 1997ರಲ್ಲಿ.

ಕೊನೆಯ ಸಮರ ಕಾಗದಪತ್ರಗಳದು. ತಾನು ಬರೆದ ಸಾವಿರಾರು ಮೂಲ ಪುಟಗಳನ್ನು ಕರ್ಬಿ ಕೇಳಿದಾಗ, 1984ರಲ್ಲಿ ಮಾರ್ವೆಲ್ ಕೊಡಲು ಒಪ್ಪಿದ್ದು 88 ಪುಟಗಳನ್ನು; ಅದಕ್ಕೂ ಇತರ ಕಲಾವಿದರಿಗಿಲ್ಲದ ನಾಲ್ಕು ಪುಟಗಳ ಕರಾರುಪತ್ರಕ್ಕೆ ಸಹಿ ಹಾಕಬೇಕಿತ್ತು. ಸಹೋದ್ಯೋಗಿಗಳು ಬಹಿರಂಗವಾಗಿ ಆತನ ಪರ ನಿಂತರು. 1987ರಲ್ಲಿ ಸುಮಾರು ಎರಡು ಸಾವಿರ ಪುಟಗಳು ಮನೆಗೆ ಮರಳಿದವು. 1994ರ ಫೆಬ್ರುವರಿ 6ರಂದು ಕ್ಯಾಲಿಫೋರ್ನಿಯಾದ ಥೌಸಂಡ್ ಓಕ್ಸ್‌ನಲ್ಲಿ ಕರ್ಬಿ ತನ್ನ 76ನೇ ವಯಸ್ಸಿನಲ್ಲಿ ನಿಧನ ಹೊಂದಿದ. ಪಾತ್ರಗಳ ಹಕ್ಕಿಗಾಗಿ ಮಕ್ಕಳು ಹೂಡಿದ ವ್ಯಾಜ್ಯ ಸುಪ್ರೀಂ ಕೋರ್ಟಿನ ಹೊಸ್ತಿಲವರೆಗೆ ಹೋಗಿ, 2014ರ ಸೆಪ್ಟೆಂಬರ್‌ನಲ್ಲಿ ರಾಜಿಯಲ್ಲಿ ಮುಗಿಯಿತು. ರಾಜಿಯ ಷರತ್ತುಗಳನ್ನು ಬಹಿರಂಗಪಡಿಸಲಿಲ್ಲ.