ಶಾರ್ಲ್ ಜೋಸೆಫ್ ಮಿನಾರ್

ಶಾರ್ಲ್ ಜೋಸೆಫ್ ಮಿನಾರ್ (27 ಮಾರ್ಚ್ 1781 – 24 ಅಕ್ಟೋಬರ್ 1870) ಅಂಕಿಅಂಶಗಳನ್ನು ನಕ್ಷೆಗಳ ಮೂಲಕ ನಿರೂಪಿಸಿದ್ದಕ್ಕಾಗಿ ಹೆಸರಾದ ಫ್ರಾನ್ಸಿನ ಸಿವಿಲ್ ಎಂಜಿನಿಯರ್. ದಿಜೋಂ ನಗರದಲ್ಲಿ ಜನಿಸಿದ ಇವರು ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ವ್ಯಾಸಂಗ ಮಾಡಿ, ದೀರ್ಘಕಾಲ ಸರ್ಕಾರಿ ಸೇವೆ ಸಲ್ಲಿಸಿದರು. ಇವರ ನಕ್ಷೆಗಳಲ್ಲಿ ಬಹುಪಾಲು 1851ರಲ್ಲಿ ನಿವೃತ್ತರಾದ ಬಳಿಕ ರಚಿತವಾದವು. ಸರಕು ಹಾಗೂ ಪ್ರಯಾಣಿಕರ ಸಂಚಾರದ ಪ್ರಮಾಣವನ್ನು ಪಟ್ಟಿಗಳ ಅಗಲದಿಂದ ತೋರಿಸಿರುವುದು ಅವುಗಳ ವೈಶಿಷ್ಟ್ಯ.

ಇದೇ ವಿಧಾನದಲ್ಲಿ ಅವರು ನೆಪೋಲಿಯನ್‌ನ 1812ರ ರಷ್ಯಾ ದಂಡಯಾತ್ರೆಯ ನಕ್ಷೆಯನ್ನು 1869ರಲ್ಲಿ ರಚಿಸಿದರು. ಅದರಲ್ಲಿ ರಷ್ಯಾದ ಗಡಿಯ ಬಳಿ 4,22,000 ಸೈನಿಕರನ್ನು ಸೂಚಿಸುವ ಅಗಲವಾದ ಪಟ್ಟಿಯು ಮಾಸ್ಕೋದಲ್ಲಿ 1,00,000ಕ್ಕೆ ಇಳಿದು, ಸೇನೆ ಗಡಿಗೆ ಮರಳುವಾಗ 10,000ದ ತೆಳುಗೆರೆಯಾಗುತ್ತದೆ. ಕೆಳಗಿನ ರೇಖೆಯು ಹಿಮ್ಮೆಟ್ಟುವಿಕೆಯ ಕಾಲದ ಕಡುಶೀತವನ್ನು ತೋರಿಸುತ್ತದೆ. ಮರುವರ್ಷ ಪ್ರಷ್ಯಾದ ಸೇನೆಯು ಪ್ಯಾರಿಸ್ಸನ್ನು ಸಮೀಪಿಸಿದಾಗ ನಗರವನ್ನು ತೊರೆದ ಮಿನಾರ್, ಬೋರ್ದೋದಲ್ಲಿ ನಿಧನರಾದರು.