ಪರೀಕ್ಷಕ ಬುದ್ಧಿಯ ಗುರು ಡಾ. ಎಚ್. ನರಸಿಂಹಯ್ಯನವರು

ಮನೆಯೊಳಗೆ ಕನ್ನಡವನ್ನೂ ಹೊರಗೆ ಮಲಯಾಳವನ್ನೂ ಆಡುತ್ತ ವಯನಾಡಿನಲ್ಲಿ ಬಾಳುತ್ತಿರುವ ನಾವು, ಸಂಘದ ಈ ಸ್ಮರಣ ಸಂಚಿಕೆಯಲ್ಲಿ ಕನ್ನಡನಾಡಿನ ಒಬ್ಬ ಉಪಾಧ್ಯಾಯರನ್ನು ನೆನೆಯಬಯಸುತ್ತೇವೆ. ಕೇಳಿದುದನ್ನು ಪರೀಕ್ಷಿಸಿಯೇ ನಂಬಬೇಕೆಂದು ಬಾಳಿನುದ್ದಕ್ಕೂ ಬೋಧಿಸಿದ ಡಾ. ಎಚ್. ನರಸಿಂಹಯ್ಯನವರೇ ಆ ಮಹನೀಯರು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಒಂದು ಬಡ ಕುಟುಂಬದಲ್ಲಿ ಅವರು ಜನಿಸಿದರು. ಮುಂದಿನ ವಿದ್ಯಾಭ್ಯಾಸದ ಹಂಬಲದಿಂದ 1935ರಲ್ಲಿ ಕಾಲ್ನಡಿಗೆಯಲ್ಲಿಯೇ ಬೆಂಗಳೂರನ್ನು ಸೇರಿ ನ್ಯಾಷನಲ್ ಹೈಸ್ಕೂಲಿನ ವಿದ್ಯಾರ್ಥಿಯಾದರು. ಮರುವರ್ಷ ಗಾಂಧೀಜಿಯವರು ಆ ಶಾಲೆಗೆ ದಯಮಾಡಿಸಿದಾಗ, ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸುವ ಭಾಗ್ಯ ಈ ಬಾಲಕನದಾಯಿತು. 1942ರ ಚಳವಳಿಯಲ್ಲಿ ಓದನ್ನು ಬದಿಗಿಟ್ಟು ಸೆರೆಮನೆಯನ್ನು ಕಂಡರು. ತರುವಾಯ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಪದವಿಯನ್ನು ಪಡೆದು, 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ 1960ರಲ್ಲಿ ಪರಮಾಣು ಬೀಜ ಭೌತಶಾಸ್ತ್ರದ ಡಾಕ್ಟರೇಟನ್ನು ಗಳಿಸಿ ಹಿಂದಿರುಗಿದ ಮೇಲೆಯೂ ಖಾದಿಯ ಪಂಚೆ, ಜುಬ್ಬ, ಗಾಂಧಿ ಟೋಪಿಗಳನ್ನು ಬಿಡಲಿಲ್ಲ. ಅವಿವಾಹಿತರಾಗಿಯೇ ಉಳಿದು ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯನ್ನೇ ಮನೆಯಾಗಿಸಿಕೊಂಡರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಸ್ಥಾಪಿಸಿ, ಜನಸಾಮಾನ್ಯರಿಗೂ ವಿಜ್ಞಾನದ ಉಪನ್ಯಾಸಗಳು ದೊರೆಯುವಂತೆ ಮಾಡಿದರು.

1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಪವಾಡಗಳನ್ನೂ, ಪರೀಕ್ಷೆಗೆ ಒಳಪಡಿಸಬಹುದಾದ ಇತರ ಮೂಢನಂಬಿಕೆಗಳನ್ನೂ ವಿಚಾರಣೆ ಮಾಡಲು 1976ರಲ್ಲಿ ಅವರ ನೇತೃತ್ವದಲ್ಲಿ ಒಂದು ಸಮಿತಿ ರಚಿತವಾಯಿತು. ದೇವರಿರುವನೋ ಇಲ್ಲವೋ ಎಂಬ ವಾದಕ್ಕೆ ಸಮಿತಿ ಕೈಹಾಕಲಿಲ್ಲ. ಪರೀಕ್ಷಿಸಲು ಸಾಧ್ಯವಾದುದನ್ನು ಮಾತ್ರ ಕೈಗೆತ್ತಿಕೊಂಡಿತು. ಪಾಂಡವಪುರದ ಬಾಲಕನೊಬ್ಬನು ಶೂನ್ಯದಿಂದ ವಿಭೂತಿಯನ್ನು ತರುವನೆಂದು ಜನ ಮುಗಿಬೀಳುತ್ತಿದ್ದಾಗ, ಸಮಿತಿಯವರು ಅಲ್ಲಿಗೇ ಹೋಗಿ ನೋಡಲಾಗಿ, ವಿಭೂತಿ ಉಡುಪಿನೊಳಗೆ ಅಡಗಿಸಿಟ್ಟದ್ದೆಂಬುದು ಬಯಲಾಯಿತು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೂ ನರಸಿಂಹಯ್ಯನವರು ವಿನಯಪೂರ್ವಕವಾಗಿಯೇ ಮೂರು ಪತ್ರಗಳನ್ನು ಬರೆದು, ಸಮಿತಿಯ ಸಮಕ್ಷಮದಲ್ಲಿ ಪವಾಡವನ್ನು ತೋರಬೇಕೆಂದು ಕೇಳಿಕೊಂಡರು. ಉಂಗುರವನ್ನು ಬೆರಳ ಸಂದಿಯಲ್ಲಿ ಮರೆಮಾಡಬಹುದು, ಕುಂಬಳಕಾಯನ್ನು ಮರೆಮಾಡಲಾಗದು; ಆದುದರಿಂದ ಕುಂಬಳಕಾಯನ್ನೇ ಸೃಷ್ಟಿಸಲಿ ಎಂಬುದು ಅವರ ಸರಳ ತರ್ಕವಾಗಿತ್ತು. ಪರೀಕ್ಷೆ ನಡೆಯಲೇ ಇಲ್ಲ. ಭಕ್ತರಿಂದ ತೀವ್ರ ವಿರೋಧ ಬಂದಿತು. 1977ರಲ್ಲಿ ಸಮಿತಿಯೂ ವಿಸರ್ಜಿತವಾಯಿತು.

ಇಂಥ ಮಾರ್ಗದಲ್ಲಿ ಅವರು ಒಂಟಿಯಾಗಿರಲಿಲ್ಲ. ನಮ್ಮ ಕೇರಳದ ತಿರುವಲ್ಲಾದಲ್ಲಿ 1898ರಲ್ಲಿ ಹುಟ್ಟಿ, ಸಿಂಹಳದಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸಿದ ಡಾ. ಅಬ್ರಹಾಂ ಕೋವೂರರು, ಮೋಸವಿಲ್ಲದೆ ಪವಾಡ ತೋರುವವರಿಗೆ ಒಂದು ಲಕ್ಷ ರೂಪಾಯಿಗಳ ಪಣವನ್ನು 1963ರಲ್ಲಿ ಸಾರಿದ್ದರು. 1978ರಲ್ಲಿ ಅವರು ತೀರಿಕೊಳ್ಳುವವರೆಗೂ ಅದನ್ನು ಗೆದ್ದವರಿಲ್ಲ.

ಹಾಗಾದರೆ ಓದುಬರಹ ಬಲ್ಲವರೂ ಇಂಥವನ್ನು ನಂಬುವುದೇಕೆ? ದಡ್ಡತನವೊಂದೇ ಕಾರಣವೆಂದರೆ ಅನ್ಯಾಯವಾದೀತು. ಜ್ವರವು ಎಷ್ಟೋ ವೇಳೆ ತಾನಾಗಿಯೇ ಇಳಿಯುತ್ತದೆ; ಅಂದು ತಾಯಿತ ಕಟ್ಟಿದ್ದರೆ ಕೀರ್ತಿ ತಾಯಿತಕ್ಕೆ ಸಲ್ಲುತ್ತದೆ. ಫಲಿಸಿದ ಒಂದು ಭವಿಷ್ಯ ನೆನಪಿನಲ್ಲಿ ನಿಲ್ಲುತ್ತದೆ, ಸುಳ್ಳಾದ ಹತ್ತು ಮರೆತುಹೋಗುತ್ತವೆ. ಕಷ್ಟಕಾಲದಲ್ಲಿ ಕಾರಣ ತಿಳಿಯದ ಭಯಕ್ಕಿಂತ, ಮರೆಯಲ್ಲಿರುವ ಯಾರೋ ಹೂಡಿದ ಸಂಚು ಎಂಬ ಕಥೆಯೇ ಮನಸ್ಸಿಗೆ ಸಮಾಧಾನ ಕೊಡುತ್ತದೆ. ಆ ಕಥೆ ನೆಂಟರ ಬಾಯಿಂದ ಬಂದರಂತೂ ಸಂಶಯಪಡುವುದೇ ಅವಿನಯವೆನಿಸುತ್ತದೆ. ಇನ್ನು ಸಂಚಿಗೆ ಸಾಕ್ಷ್ಯವಿಲ್ಲವೆಂದರೆ, ಸಾಕ್ಷ್ಯವನ್ನೂ ಬಚ್ಚಿಟ್ಟಿದ್ದಾರೆಂಬ ಉತ್ತರ ಸಿದ್ಧವಾಗಿರುತ್ತದೆ. ಯಾವ ಪರೀಕ್ಷೆಯಿಂದಲೂ ಸೋಲದ ಮಾತು ಹೀಗೆ ಹುಟ್ಟುತ್ತದೆ. ಸೋಲುವ ಅವಕಾಶವೇ ಇಲ್ಲದ ಮಾತಿಗೆ ಗೆಲುವೂ ಇಲ್ಲವೆಂಬುದನ್ನು ನಾವು ಮರೆಯುತ್ತೇವೆ.

ನರಸಿಂಹಯ್ಯನವರು 2005ರ ಜನವರಿ 31ರಂದು ದಿವಂಗತರಾದರು. ಅವರು ಹೋರಾಡಿದ ಮೌಢ್ಯ ಅವರೊಡನೆ ಅಳಿಯಲಿಲ್ಲ. 2017ರಲ್ಲಿ ಕರ್ನಾಟಕದಲ್ಲಿಯೂ ಕೇರಳದಲ್ಲಿಯೂ ದಡಾರ ಮತ್ತು ರುಬೆಲ್ಲಾ ರೋಗಗಳ ವಿರುದ್ಧ ಮಕ್ಕಳಿಗೆ ಲಸಿಕೆ ಹಾಕಿಸಿದಾಗ, ಅದರಲ್ಲಿ ಸಂಚಿದೆಯೆಂಬ ವದಂತಿ ಮೊಬೈಲುಗಳಲ್ಲಿ ಹರಿದಾಡಿ ಎಷ್ಟೋ ತಾಯ್ತಂದೆಗಳು ಹಿಂಜರಿದರು. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ಪಥವು ನಮ್ಮ ವಯನಾಡಿನ ಮೇಲೆಯೇ ಹಾದುಹೋಯಿತು. ಅದನ್ನು ಕಾಣುವ ಕುತೂಹಲದಿಂದ ಇಲ್ಲಿ ಜನ ನೆರೆದರು. ಅದೇ ದಿನ ಕಲಬುರಗಿಯ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ವಾಸಿಯಾಗುವುದೆಂದು ನಂಬಿ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಆ ತಾಯ್ತಂದೆಗಳಲ್ಲಿ ಮಮತೆಗೆ ಕೊರತೆಯಿರಲಿಲ್ಲ. ಮಮತೆಯೇ ಅವರನ್ನು ಅಲ್ಲಿಗೆ ಕರೆತಂದಿತ್ತು. ದಾರಿ ತೋರುವ ವಿಚಾರಬುದ್ಧಿ ಜೊತೆಗಿಲ್ಲದಿದ್ದರೆ ಮಮತೆಯೂ ಮಗುವನ್ನು ಗುಂಡಿಗಿಳಿಸಬಲ್ಲುದು.

ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದು ನರಸಿಂಹಯ್ಯನವರು ವಿದ್ಯಾರ್ಥಿಗಳಿಗೆ ಬಿಟ್ಟುಹೋದ ಆಸ್ತಿ. ಅದಕ್ಕೆ ನಾವೂ ಹಕ್ಕುದಾರರೇ. ನಮ್ಮ ಮನೆಗಳಲ್ಲಿ ಮಗುವೊಂದು ಹಿರಿಯರ ಮಾತಿಗೆ ಆಧಾರವೇನೆಂದು ಕೇಳಿದಾಗ, ಗದರಿಸಿ ಬಾಯಿ ಮುಚ್ಚಿಸದೆ, ಅದರೊಡನೆ ಕುಳಿತು ಉತ್ತರವನ್ನು ಹುಡುಕೋಣ. ಆ ಹಿರಿಯ ಚೇತನಕ್ಕೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಇದೇ ಆಗಿದೆ.