ದಾಟಿಸಿದ ಮೇಷ್ಟ್ರು: ನಮ್ಮ ಬಿ.ಎಂ.ಶ್ರೀ.

ಪ್ಲೇಸ್‌ಮೆಂಟ್ ಹತ್ತಿರ ಬಂತು ಅಂದರೆ ಹಾಸ್ಟೆಲ್ ತುಂಬಾ ಇಂಗ್ಲಿಷ್ ಪದಗಳ ಪಟ್ಟಿ ಉರು ಹೊಡೆಯೋದು ಶುರುವಾಗುತ್ತೆ. ಪಟ್ಟಿಗಿಂತ ಬೇರು ಹಿಡಿಯೋದು ಸುಲಭ. ಲ್ಯಾಟಿನ್‌ನಲ್ಲಿ ‘ಟ್ರಾನ್ಸ್’ ಅಂದರೆ ಆಚೆಗೆ. ‘ಫೆರೆ’ ಅಂದರೆ ಹೊರುವುದು. ಅದೇ ಕ್ರಿಯಾಪದದ ಇನ್ನೊಂದು ರೂಪ ‘ಲಾತುಸ್’, ಅಂದರೆ ಹೊತ್ತದ್ದು. ಹಾಗಾಗಿ ನಾವು ಕ್ಲಾಸಿನಲ್ಲಿ ಕೇಳುವ ‘ಟ್ರಾನ್ಸ್‌ಫರ್’, ಭಾಷೆಯ ಮಾತಿನಲ್ಲಿ ಬರುವ ‘ಟ್ರಾನ್ಸ್‌ಲೇಟ್’ ಎರಡೂ ಅಣ್ಣತಮ್ಮಂದಿರು. ಎರಡರ ಮೂಲದಲ್ಲೂ ಇರೋದು ಆಚೆಗೆ ದಾಟಿಸುವ ಕೆಲಸ. ಆ ಕೆಲಸವನ್ನು ಕನ್ನಡದಲ್ಲಿ ದೊಡ್ಡದಾಗಿ ಮಾಡಿದವರು ನಮ್ಮ ಮಂಡ್ಯ ಸೀಮೆಯವರೇ, ಬಿ.ಎಂ. ಶ್ರೀಕಂಠಯ್ಯ.

ಹೆಸರಿನ ಮೊದಲಿರುವ ‘ಬಿ’ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ತಂದೆ ಮೈಲಾರಯ್ಯ ಶ್ರೀರಂಗಪಟ್ಟಣದಲ್ಲಿ ವಕೀಲರು. ಹುಡುಗನ ಓದು ಶುರುವಾದದ್ದೂ ಅಲ್ಲೇ. ಮುಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾದರು.

ಇಂಗ್ಲಿಷ್ ಓದಿದವರು ಕನ್ನಡದಲ್ಲಿ ಬರೆಯೋಕೆ ಹಿಂಜರಿಯುತ್ತಿದ್ದ ಕಾಲ ಅದು. ಈ ಇಂಗ್ಲಿಷ್ ಮೇಷ್ಟ್ರು 1911ರಲ್ಲಿ ಧಾರವಾಡಕ್ಕೆ ಹೋಗಿ, ಕನ್ನಡ ತಲೆಯೆತ್ತೋದು ಹೇಗೆ ಅಂತ ಭಾಷಣ ಮಾಡಿದರು. ಹೇಳಿ ಸುಮ್ಮನಾಗಲಿಲ್ಲ. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪುಸ್ತಕವಾಗಿ ಬಂತು. ಅದರಲ್ಲಿ ಪದಕ್ಕೆ ಪದ ಇಡುವ ಗೋಜಿಗೆ ಅವರು ಹೋಗಲಿಲ್ಲ. ಎರಡನೇ ಅಕ್ಷರದ ಪ್ರಾಸದ ಕಟ್ಟು ಸಡಿಲಿಸಿ, ಕನ್ನಡದ್ದೇ ಮಾತ್ರೆಗಳನ್ನು ಹೊಸದಾಗಿ ಜೋಡಿಸಿದರು. ನ್ಯೂಮನ್ 1833ರಲ್ಲಿ ಬರೆದ ಪ್ರಾರ್ಥನೆ ಶ್ರೀಯವರ ಕೈಯಲ್ಲಿ ಎಷ್ಟು ಕನ್ನಡವಾಯಿತೆಂದರೆ, ಶಾಲೆಯಲ್ಲಿ ಅದನ್ನು ಹಾಡಿದ ಎಷ್ಟೋ ಜನರಿಗೆ ಅದು ಅನುವಾದ ಅನ್ನೋದೇ ಗೊತ್ತಿಲ್ಲ. ಗ್ರೀಕ್ ನಾಟಕಕಾರ ಸಾಫೊಕ್ಲಿಸನ ಏಜಾಕ್ಸ್, ಅವಮಾನದಿಂದ ಕೆರಳಿದ ವೀರ, 1929ರಲ್ಲಿ ಮಹಾಭಾರತದ ‘ಅಶ್ವತ್ಥಾಮನ್’ ಆಗಿ ರಂಗಕ್ಕೆ ಬಂದ. ಬೇರು ಅಲ್ಲಿಯದು, ಮಣ್ಣು ಇಲ್ಲಿಯದು.

ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದಾಗಲೇ, 1927ರಲ್ಲಿ, ಕನ್ನಡ ಎಂ.ಎ. ಶುರುವಾಯಿತು. ಮರುವರ್ಷ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1946ರ ಜನವರಿ 5ರಂದು ತೀರಿಕೊಂಡರು, ಅದೂ ಧಾರವಾಡದಲ್ಲೇ.

ಇಂಗ್ಲಿಷ್ ಬರಲ್ಲ ಅಂತ ಕ್ಲಾಸಿನಲ್ಲಿ ಬಾಯಿ ಬಿಡದೆ ಕೂರುವ ಗೆಳೆಯರು, ಕನ್ನಡ ಬೇಡ ಅಂತ ಬಿಟ್ಟ ಗೆಳೆಯರು, ಇಬ್ಬರೂ ನಮ್ಮ ನಡುವೆ ಇದ್ದಾರೆ. ಶ್ರೀಯವರು ಎರಡನ್ನೂ ಬಿಡಲಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಜೂನಿಯರ್ ಒಬ್ಬ ಈ ಸಲ ಟ್ರಾನ್ಸ್‌ಫರ್ ಫಂಕ್ಷನ್ ಅಂದರೆ ಏನು ಅಂತ ಕೇಳಿದರೆ, ಮೊದಲು ಪದ ಬಿಡಿಸಿ, ಆಮೇಲೆ ಕನ್ನಡದಲ್ಲೇ ವಿವರಿಸಿ ನೋಡಿ.